ಸುಂದ್ರಮ್ಮ ಮೇಡಂ ಕಟ್ಟಿಸಿದ ಕಾಡು

ಉಡಿಗಾಲ ಎಂಬ ಹಳ್ಳಿಯ ಸುಂದ್ರಮ್ಮ ಅಕ್ಷರ ಕಲಿತದ್ದು ಹುಣಸೆಮರದ ಕೆಳಗೆ. ಮಳೆ ಬಂದರೆ ಪಾಠ ನಿಲ್ಲುತ್ತಿತ್ತು. ಕೂಲಿ ಮಾಡುವವರ ಮನೆಯ ಆ ಹುಡುಗಿ ಓದಿ, ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ ಆದರು. ಬೆಂಚು, ಕಪ್ಪುಹಲಗೆ ಇರುವ ಕೋಣೆಯೆಂದರೆ ಅವರಿಗೆ ಎಲ್ಲಿಲ್ಲದ ಗೌರವ. ಅವರು ನೋಟ್ಸ್ ಹೇಳುತ್ತಿದ್ದರು, ಮಕ್ಕಳು ತುಟಿ ಬಿಚ್ಚದೆ ಬರೆದುಕೊಳ್ಳುತ್ತಿದ್ದರು.

೧೯೯೯ರಲ್ಲಿ ಮೈಸೂರಿನ ಸಂಸ್ಥೆಯೊಂದು ಶಾಲೆಗೆ ಕಂಪ್ಯೂಟರುಗಳನ್ನು ಕೊಟ್ಟಿತು. ಕಲಿಸಲು ಬಂದವರು ಚಾಮರಾಜನಗರದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಶಾಂತರಾಜು. "ಪರದೆ ಒಳಗೇ ಒಂದು ಬಂಡೀಪುರ ಕಟ್ಟನ ಮೇಡಂ. ಮಕ್ಕಳು ಕೀಲಿ ಒತ್ಕೊಂಡು ಕಾಡೆಲ್ಲ ಓಡಾಡ್ತಾ ಕಲೀಲಿ" ಅಂದರು. ಪ್ರಾಣಿ, ಮರಗಳನ್ನು ಬಿಡಿಸಲು ಡ್ರಾಯಿಂಗ್ ಮೇಷ್ಟ್ರು ಮರಿಮಲ್ಲಪ್ಪ ಒಪ್ಪಿದರು. ಪಾಠದ ಹೊಣೆ ಸುಂದ್ರಮ್ಮನವರದು. ಕಾಡಿನ ಬಾಗಿಲಲ್ಲೇ ಒಂದು ಒಳ್ಳೆಯ ಕ್ಲಾಸ್‌ರೂಮು ಇರಬೇಕೆಂದು ಅವರು ಹಟ ಹಿಡಿದರು. ಬೋರ್ಡಿನ ತುಂಬ ತಮ್ಮ ನೋಟ್ಸ್ ಬರೆಸಿದರು.

ಮೂವರೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಬೇರೆ ಬೇರೆಯಾಗಿ ಮಾಡಿ, ಕೊನೆಗೆ ಜೋಡಿಸಿ ನೋಡಿದರೆ ಆನೆ ಬೆಂಚಿಗಿಂತ ಚಿಕ್ಕದು!

"ನನ್ನ ಆನೆ ಸರಿಯಾಗೇ ಅದೆ. ನಿನ್ನ ಬೆಂಚು ಕುಗ್ಗಿಸಪ್ಪ" ಎಂದು ಶಾಂತರಾಜುವಿಗೆ ಹೇಳಿದರು ಮರಿಮಲ್ಲಪ್ಪ. ಮಾತು ಬೆಳೆದು ಜಗಳವೇ ಆಯಿತು. ರಾಜಿಯಾದ ಮೇಲೆ ಮೂವರೂ ಒಂದೇ ಪರದೆಯ ಮುಂದೆ ಕೂತು ಕೆಲಸ ಮಾಡಿದರು.

ಮಕ್ಕಳನ್ನು ಪರದೆಯ ಕಾಡಿನೊಳಗೆ ಬಿಟ್ಟ ದಿನ ಒಬ್ಬರೂ ಬೋರ್ಡಿನ ಕಡೆ ನೋಡಲಿಲ್ಲ. ಕ್ಲಾಸ್‌ರೂಮು ದಾಟಿ ನೇರ ಮರಿಮಲ್ಲಪ್ಪ ಬಿಡಿಸಿದ್ದ ಕೆರೆಯತ್ತ ಓಡಿದರು.

"ಪಾಠ ಓದ್ರೋ ಮೊದ್ಲು!" ಸುಂದ್ರಮ್ಮ ಗದರಿದರು.

"ಅಲ್ಲೂ ಬೆಂಚ್ ಮೇಲೇ ಕೂರ್ಬೇಕಾ ಮೇಡಂ?" ಎಂದು ಕೇಳಿದಳು ಶಿವರಂಜಿನಿ. ಬಂಡೀಪುರದಲ್ಲಿ ಫಾರೆಸ್ಟ್ ವಾಚರ್ ಆಗಿದ್ದವರ ಮಗಳು. ಕುಚೋದ್ಯದ ಮಾತಲ್ಲ, ನಿಜವಾಗಿ ಕೇಳಿದ್ದು. ಸುಂದ್ರಮ್ಮ ಪರದೆಯ ಮೇಲಿನ ಆ ಬೆಂಚುಗಳತ್ತ ನೋಡಿದರು. ಹುಣಸೆಮರದ ಕೆಳಗೆ ಕೂತು ತಾವು ಕನಸು ಕಂಡಿದ್ದ ಕೋಣೆ ಅದು. ಈ ಮಕ್ಕಳಿಗೆ ಬರೀ ಅಡ್ಡಗೋಡೆ.

ಅಷ್ಟರಲ್ಲಿ ಪರದೆಯ ಕೆರೆಯ ಮುಂದೆ ಗಲಾಟೆ ಶುರುವಾಗಿತ್ತು. "ಬ್ಯಾಸ್ಗೇಲಿ ಇಷ್ಟೊಂದ್ ನೀರು ಇರಕಿಲ್ಲ ಕಣ್ಲಾ. ಆಗ್ಲೇ ಆನೆ ವಲ್ಕೆ ಬರೋದು" ಎಂದು ಶಿವರಂಜಿನಿ ಪಕ್ಕದ ಹುಡುಗನಿಗೆ ಹೇಳುತ್ತಿದ್ದಳು. ಅವನು ಒಪ್ಪಲಿಲ್ಲ, ಹುಲ್ಲು ಒಣಗುವುದರಿಂದ ಆನೆಗಳು ಹೊಲಕ್ಕೆ ಬರುತ್ತವೆ ಅಂದ. ಹಿಂದಿನವರೂ ಎದ್ದು ಬಂದು ಸೇರಿಕೊಂಡರು. ಸುಮ್ಮನಿರಿ ಎನ್ನಲು ಬಾಯಿ ತೆರೆದ ಸುಂದ್ರಮ್ಮ, ಹೇಳದೆ ನಿಂತು ಕೇಳಿಸಿಕೊಂಡರು. ತಮ್ಮ ನೋಟ್ಸಿನಲ್ಲಿ ಬೇಸಿಗೆಯೇ ಇರಲಿಲ್ಲ.

ಮರುದಿನ ಅವರೇ ಹೇಳಿದರು: "ಕ್ಲಾಸ್‌ರೂಮು ತೆಗೆದ್ಬುಡಿ ಶಾಂತರಾಜು. ಒಂದು ಬೇಸಿಗೆ ಕಾಡು ಕಟ್ಟನ. ಅದರಲ್ಲಿ ಏನೇನಿರಬೇಕು ಅಂತ ಮಕ್ಕಳೇ ಹೇಳಲಿ."

ಮರಿಮಲ್ಲಪ್ಪನವರಿಗೆ ತಮ್ಮ ನೀಲಿ ಕೆರೆಯ ಮೇಲೆ ಬಲು ಪ್ರೀತಿ. ಮುಖ ಊದಿಸಿಕೊಂಡೇ ನೀರು ತೆಗೆದು, ಬಿರುಕುಬಿಟ್ಟ ಮಣ್ಣು ಬರೆದರು. ಆದರೆ ಅವರ ಸುತ್ತ ಮಕ್ಕಳು ಮುತ್ತಿಕೊಂಡು "ಸಾರ್, ಆನೆ ಹೆಜ್ಜೆ ಇಲ್ಲಿ, ಜಿಂಕೆದು ಅಲ್ಲಿ" ಎನ್ನುತ್ತಿದ್ದಂತೆ ಸಿಟ್ಟೂ ಇಳಿಯಿತು.

ಎರಡು ವರ್ಷಕ್ಕೆ ಕಂಪ್ಯೂಟರುಗಳು ಕೆಟ್ಟವು. ಆ ಕಾಡು ಯಾರಿಗೂ ಉಳಿಯಲಿಲ್ಲ. ಸುಂದ್ರಮ್ಮ ಅದಕ್ಕಾಗಿ ಹೆಚ್ಚು ಮರುಗಲಿಲ್ಲ. ಅವು ಕೆಟ್ಟ ವರ್ಷದ ಬೇಸಿಗೆಯಲ್ಲಿ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಕಾಡಂಚಿನ ನಿಜವಾದ ಕೆರೆಗೆ ಹೊರಟರು. ನೋಡಬೇಕಾದ್ದು ಏನೆಂದು ದಾರಿಯುದ್ದಕ್ಕೂ ಮಕ್ಕಳನ್ನೇ ಕೇಳುತ್ತ ಹೋದರು.