ಬಾನೆಟ್ಟಿನ ಮೇಲೆ ಬಿಡದ ಹುಳು

ಹೋದ ವಾರ ಮುಂಡರಗಿಯಿಂದ ಲಕ್ಷ್ಮೇಶ್ವರಕ್ಕೆ ಮರಳುವ ಹೊತ್ತಿಗೆ ಕಾರಿನ ಮೂತಿಗೆಲ್ಲ ಹುಳು ಮೆತ್ತಿದ್ದವು. ಮೊದಲ ಮಳೆ ಬಿದ್ದ ಮರುದಿನದ ಸಂಜೆ ಈ ರಸ್ತೆಯಲ್ಲಿ ಅದು ಇದ್ದದ್ದೇ. ಹಳೆಯ ಧೋತರದ ತುಂಡೊಂದನ್ನು ನೀರಲ್ಲಿ ಅದ್ದಿ ಬಾನೆಟ್ಟಿನ ಮೇಲೆ ಹಾಸಿದೆ. ಕಾದ ತಗಡು, ತೊಯ್ದ ಅರಿವೆ, ಅದರಡಿ ಸತ್ತ ಹುಳು... ಮೂರೂ ಸೇರಿ ಒಂದು ವಾಸನೆ ಏಳುತ್ತದೆ. ಚೆನ್ನಾದ ವಾಸನೆಯೇನಲ್ಲ. ಅದು ಮೂಗಿಗೆ ಬಡಿದ ಕೂಡಲೇ ನಮ್ಮ ಡ್ರೈವರ್ ಕಾಕಾ ನೆನಪಾದರು.

ಕಾಕಾ ಎಂದರೆ ಸಂಬಂಧಿಕರಲ್ಲ. ನಮ್ಮ ಹತ್ತಿಕಾಳಿನ ಅಂಗಡಿಯ ಕಾರನ್ನು ಅಪ್ಪನ ಕಾಲದಿಂದ ಓಡಿಸುತ್ತಿದ್ದವರು. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಜೊತೆಗೆ ಕಾರೂ ಕಾಕಾನೂ ನನ್ನ ಪಾಲಿಗೆ ಬಂದರು. ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಒಮ್ಮೆ ನಾನು ಅವಸರಕ್ಕೆ ಪಾತ್ರೆ ತಿಕ್ಕುವ ನಾರು ತಂದು ಬಾನೆಟ್ಟು ಉಜ್ಜಲು ಹೋದಾಗ ಕೈಯಿಂದ ಕಸಿದುಕೊಂಡಿದ್ದರು.

“ಭಾಂಡೆ ತಿಕ್ಕಾಕ ಕುಂತೀರೇನ್ರಿ? ಹುಳಾ ಹೆಂಗೂ ಸತ್ತಾವ. ಇನ್ನ ಅವಸರ ಯಾರಿಗೈತಿ?”

ಅವರ ಪ್ರಕಾರ ಹುಳು ಒಣಗಿದರೆ ಬಣ್ಣ ತಿನ್ನುತ್ತದೆ. ಊರು ಮುಟ್ಟಿದ ಕೂಡಲೇ ಒದ್ದೆ ಬಟ್ಟೆ ಹಾಸಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಸುಮ್ಮನಿರಬೇಕು. ಆಮೇಲೆ ಒತ್ತದೆ ಒಂದೇ ದಿಕ್ಕಿಗೆ ಒರೆಸಬೇಕು. ಉಗುರು ತಾಗಿಸುವುದಂತೂ ಮಹಾಪರಾಧ. ಆ ಬಿಳಿ ಕಾರಿಗೆ ಎಷ್ಟೋ ವರ್ಷವಾಗಿದ್ದರೂ ಬಾನೆಟ್ಟಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಅವರಿಗೆ ಅರವತ್ತು ದಾಟಿದ ವರ್ಷ, ಇಂಥದೇ ಮಳೆಗಾಲದ ಸಂಜೆ, ಶಿರಹಟ್ಟಿಯಿಂದ ಬರುತ್ತಿದ್ದೆವು. ರಸ್ತೆ ದಾಟುತ್ತಿದ್ದ ಕುರಿಹಿಂಡು ಅವರಿಗೆ ತೀರಾ ಹತ್ತಿರ ಬಂದ ಮೇಲೆ ಕಂಡಿತು. ಬ್ರೇಕು ಬಿದ್ದಾಗ ಕುರಿಯೊಂದರ ಉಣ್ಣೆ ಬಂಪರಿಗೆ ತಾಗಿತ್ತು. ಮಸುಕು ಹೊತ್ತು, ಯಾರಿಗಾದರೂ ಹಾಗೇ ಆಗುತ್ತಿತ್ತು ಎಂದುಕೊಂಡೆ.

ಮನೆ ಮುಟ್ಟಿ, ಬಟ್ಟೆ ಹಾಸಿ, ಚಹಾ ಕುಡಿದು ಒರೆಸತೊಡಗಿದರು. ಒಂದು ಕಡೆ ಕೈ ನಿಂತಿತು. ಮತ್ತೆ ಬಟ್ಟೆ ನೆನೆಸಿ ಇಟ್ಟರು, ಮತ್ತೆ ಒರೆಸಿದರು. ಕೊನೆಗೆ ಉಗುರು ಹಾಕಿ ಕೆರೆಯತೊಡಗಿದರು. ಕಾಕಾ, ಉಗುರು ಹಾಕಿ...

“ಇದೊಂದು ಹುಳಾ ಬಿಡವಲ್ತು ನೋಡ್ರಿ.”

ಅದು ಹುಳುವಾಗಿರಲಿಲ್ಲ. ನಾಲ್ಕು ದಿನದ ಹಿಂದೆ ನಾನೇ ಗದಗಿಗೆ ಓಡಿಸಿಕೊಂಡು ಹೋದಾಗ ಟಿಪ್ಪರಿನಿಂದ ಸಿಡಿದ ಕಲ್ಲಿಗೆ ಜೋಳದ ಕಾಳಿನಷ್ಟು ಬಣ್ಣ ಎದ್ದಿತ್ತು. ಬೈಗುಳಕ್ಕೆ ಹೆದರಿ ಅವರಿಗೆ ಹೇಳಿರಲಿಲ್ಲ. ಅದರಿಂದ ಗೇಣು ದೂರದಲ್ಲಿ ನಿಜವಾದ ಹುಳುಗಳು ರೆಕ್ಕೆಸಮೇತ ಹಾಗೇ ಅಂಟಿಕೊಂಡಿದ್ದವು. ಕಾಕಾ ಅವುಗಳ ಕಡೆ ನೋಡಿ, “ಉಳಿದದ್ದೆಲ್ಲಾ ಸ್ವಚ್ಛ ಆತ್ರಿ” ಎಂದು ಬಟ್ಟೆ ಹಿಂಡಿದರು.

ಅವರ ಕಣ್ಣು ಮಂಜಾಗಿದೆ ಎಂದು ನನಗೆ ಗೊತ್ತಾದದ್ದು ಆಗ. ಆಗಲೇ ಹೇಳಬೇಕಿತ್ತು. ಆದರೆ ನನ್ನದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಸ್ವಭಾವ. ಎರಡು ದಿನ ಬಿಟ್ಟು, ಇನ್ನು ಮುಂದೆ ನಾನೇ ಕಾರು ಓಡಿಸುತ್ತೇನೆ, ನೀವು ಆರಾಮಾಗಿರಿ ಎಂದೆ. ಅವರು ಕಾರಣ ಕೇಳಲಿಲ್ಲ. ಕೀಲಿಕೈ ಮೇಜಿನ ಮೇಲಿಟ್ಟು ಹೋದರು.

ಅವರು ಮನೆಯಲ್ಲಿ ಕೂಡ್ರುತ್ತಾರೆಂದು ನಾನು ತಿಳಿದಿದ್ದೆ. ತಿಂಗಳಾಗುವುದರೊಳಗೆ ಮುಂಡರಗಿಯಿಂದ ಟೆಂಪೋ ಮಾಲೀಕನೊಬ್ಬ ಫೋನ್ ಮಾಡಿ, ಕಾಕಾ ಕೆಲಸ ಕೇಳಿಕೊಂಡು ಬಂದಿದ್ದಾರೆ, ಮನುಷ್ಯ ಹೇಗೆ ಎಂದು ವಿಚಾರಿಸಿದ. ಹೇಳಲು ಅದು ಎರಡನೆಯ ಅವಕಾಶ. “ಕೈ ಭಾಳ ಛಲೋ ಐತ್ರಿ” ಎಂದೆ. ಕೈಯ ಮಟ್ಟಿಗೆ ಅದು ಸುಳ್ಳೇನಲ್ಲ. ಆಮೇಲೆ ಆ ಕಡೆಯಿಂದ ಅಪಘಾತದ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದದ್ದು ಗಾಡಿ ಯಾವುದು ಎಂದು.

ಐದು ತಿಂಗಳಿಗೆ ಆ ಟೆಂಪೋ ಸೇತುವೆಯ ಕಟ್ಟೆಗೆ ಗುದ್ದಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಕಾಕಾನ ತೊಡೆಯ ಮೂಳೆ ಮುರಿದಿತ್ತು. ಗದಗಿನ ಆಸ್ಪತ್ರೆಗೆ ನೋಡಲು ಹೋದೆ. ಧ್ವನಿಯಿಂದಲೇ ಗುರುತು ಹಿಡಿದು ಕೂಡ್ರಲು ಹೇಳಿದರು. ಆಮೇಲೆ ಕೇಳಿದರು.

“ಖರೆ ಹೇಳ್ರಿ. ನನಗ ಕಣ್ಣ ಕಾಣವಲ್ದು ಅಂತ ನಿಮಗ ಅವತ್ತ ಗೊತ್ತಾಗಿತ್ತೇನು?”

“ಇಲ್ರಿ ಕಾಕಾ. ನನಗೇನೂ ಗೊತ್ತಿರಲಿಲ್ಲ.”

“ಹಂಗಾರ ಆತು ಬಿಡ್ರಿ. ನನ್ನ ಬಾಯಿಲೆ ಹೇಳ್ಕೊಳಾಕ ಆಗಲಿಲ್ಲ. ಯಾರರ ಅಂದಿದ್ರ ಅವತ್ತ ಸ್ಟೇರಿಂಗ್ ಬಿಡ್ತಿದ್ದೆ. ಗೊತ್ತಿದ್ದೂ ನೀವು ಸುಮ್ಮನಾದ್ರಿ ಅಂತ ಇಷ್ಟ ದಿನ ತಪ್ಪು ತಿಳ್ಕೊಂಡಿದ್ದೆ. ಮನಸ್ಸಿಗೆ ಹಚ್ಕೋಬ್ಯಾಡ್ರಿ.”

“ಇರಲಿ ಬಿಡ್ರಿ” ಎಂದು ಅವರ ಕೈ ಹಿಡಿದುಕೊಂಡೆ.

ಆಮೇಲೆ ಕಾಕಾ ಹಾಸಿಗೆ ಬಿಟ್ಟು ಏಳಲಿಲ್ಲ. ಅವರು ಹೋಗಿ ಮೂರು ಮಳೆಗಾಲ ಕಳೆದಿವೆ. ಒಬ್ಬನೇ ಕಾರಿನಲ್ಲಿ ಹೋಗುವಾಗ ಅವರಿಲ್ಲದ್ದು ತಿಳಿಯುತ್ತದೆ, ಬೈಯಲು ಯಾರೂ ಇಲ್ಲ. ಹೇಳಿದ ಸುಳ್ಳಿಗೆ ಏನಾದರೂ ಸಮಜಾಯಿಷಿ ಹುಡುಕಿಕೊಳ್ಳಬಲ್ಲೆ. ಆದರೆ ಅವರು ಕ್ಷಮೆ ಕೇಳಿದರು, ನಾನು ದೊಡ್ಡ ಮನಸ್ಸಿನವನಂತೆ ಅದನ್ನು ಕೊಟ್ಟೆ. ಈಗ ಅದೇ ಕ್ಷಮೆಯನ್ನು ಅವರಿಂದ ವಾಪಸು ಕೇಳೋಣವೆಂದರೆ ಅವರಿಲ್ಲ.