ಅಕ್ಕೋರು ಬಿಡದ ಕೈ

ನಮಗೆ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರ ಬಳೆಗಳ ನಡುವೆ ಯಾವಾಗಲೂ ಒಂದು ತುಂಡು ಕೆಂಪು ವಯರು ಸುತ್ತಿಕೊಂಡಿರುತ್ತಿತ್ತು. ಎರಡು ಟಾರ್ಚ್ ಸೆಲ್, ಪುಟ್ಟ ಎಲ್‌ಇಡಿ ಬಲ್ಬು, ಥರ್ಮಾಕೋಲಿಗೆ ಚುಚ್ಚಿದ ಎರಡು ಮೊಳೆ ಅವರ ಚೀಲದಲ್ಲಿ ಇರುತ್ತಿದ್ದವು. ಮನೆಯಿಂದ ಏನಾದರೂ ದ್ರವ ತನ್ನಿ ಎಂದರೆ ನಾವು ಮುರುಗಲ ಶರಬತ್ತು, ಕೊಬ್ಬರಿ ಎಣ್ಣೆ, ಅಪ್ಪೆಮಿಡಿ ಮಾವು ನೆನೆಹಾಕಿದ ಉಪ್ಪುನೀರು ಒಯ್ಯುತ್ತಿದ್ದೆವು. ಮೊಳೆಗಳನ್ನು ಅದ್ದಿ, ಉಪ್ಪುನೀರಿಗೆ ಬಲ್ಬು ಹೊತ್ತಿಕೊಂಡಾಗ ನಮಗಿಂತ ಮೊದಲು ಅವರೇ ನಗುತ್ತಿದ್ದರು. ಬಾವಿ ನೀರಿಗೆ ಹೊತ್ತಲಿಲ್ಲ.

“ಹೊತ್ತಲಿಲ್ಲ ಅಂದ್ರೆ ಕರೆಂಟು ಹೋಗೂದೇ ಇಲ್ಲ ಅಂತಲ್ಲ. ನಮ್ಮದು ಸಣ್ಣ ಸೆಲ್ಲು. ಲೈನಿನ ತಂತಿ ಬಿದ್ದ ನೀರಿಗೆ ಯಾರೂ ಕಾಲಿಡಬೇಡಿ” ಎಂದಿದ್ದರು.

ನಾನು ಏಳನೆಯ ತರಗತಿಯಲ್ಲಿದ್ದಾಗ, ಮಳೆಗಾಲದ ಒಂದು ಸಂಜೆ, ಮರದ ಟೊಂಗೆ ಮುರಿದು ಲೈನಿನ ಮೇಲೆ ಬಿತ್ತು. ತುಂಡಾದ ತಂತಿ ಶಾಲೆಯ ಗೇಟಿನಾಚೆ ರಸ್ತೆಯಲ್ಲಿ ನಿಂತ ನೀರಿಗೆ ಬಿದ್ದದ್ದನ್ನು ಅಕ್ಕೋರು ಜಗಲಿಯಿಂದ ಕಂಡರು. ನನ್ನನ್ನು ಕರೆದೊಯ್ಯಲು ಬಂದ ಚಿಕ್ಕಪ್ಪ ಬೈಕಿನಿಂದ ಇಳಿಯುತ್ತಿದ್ದ. ಬರಬೇಡಿ ಎಂದು ಅಕ್ಕೋರು ಕೂಗಿದ್ದು ಮಳೆಯ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ನನ್ನ ಕಡೆ ಕೈ ಎತ್ತಿ ನಗುತ್ತ ನೀರಿಗೆ ಕಾಲಿಟ್ಟ. ಹಾಗೇ ಮಗುಚಿ ಬಿದ್ದ.

ನಾನು ಓಡಿದೆ. ಅಂಗಳದಲ್ಲಿ ಅವರು ನನ್ನನ್ನು ಹಿಡಿದು ಮೈಗೆ ಒತ್ತಿಕೊಂಡರು. ಪರಚಿದೆ, ಕೈ ಕಚ್ಚಿದೆ. ಹೋಗಬೇಡ, ನಾನು ಬಿಡುವುದಿಲ್ಲ ಎನ್ನಲು ಶಾಲೆಯಲ್ಲಿ ಎಂದೂ ಆಡದ ಮನೆಮಾತೇ ಆಗ ಅವರ ಬಾಯಿಗೆ ಬಂತು. “ಹೋಗಡ ತಂಗೀ, ಹೋಗಡ. ಆನು ಬಿಡ್ತಿಲ್ಲೆ.” ಮಾಸ್ತರೊಬ್ಬರು ಫೋನ್ ಹಿಡಿದು ಸಿಗ್ನಲ್ ಹುಡುಕುತ್ತ ಮೈದಾನದ ತುದಿಗೆ ಓಡಿದರು. ಲೈನ್‌ಮನ್ ಕರೆಂಟು ತೆಗೆಸುವವರೆಗೂ ನಾವಿಬ್ಬರೂ ನಿಂತು ನೋಡಿದೆವು. ಆಮೇಲೆ ಚಿಕ್ಕಪ್ಪನನ್ನು ಎತ್ತಿ ತಂದರು, ಜೀವ ಇರಲಿಲ್ಲ.

ಮರುವರ್ಷ ಅಕ್ಕೋರಿಗೆ ಸಿದ್ದಾಪುರದ ಕಡೆಗೆ ವರ್ಗವಾಯಿತು. ಅಲ್ಲಿಯೂ ಆ ಪಾಠ ಬಿಡಲಿಲ್ಲವಂತೆ. ತಂತಿಯ ಮಾತು ಬಂದಾಗ ಮಾತ್ರ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಲ್ಲುತ್ತಿದ್ದರಂತೆ.

ಈ ವರ್ಷ ಅವರಿಗೆ ಕಾಯಿಲೆ ಜೋರಾಗಿದೆಯೆಂದು ತಿಳಿದು ಶಿರಸಿಯ ಆಸ್ಪತ್ರೆಗೆ ಹೋದೆ. ನೋಡಿದೊಡನೆ ಗುರುತು ಹಿಡಿದರು. ಹತ್ತಿರ ಕೂರಿಸಿಕೊಂಡು ಕೇಳಿದರು: “ಆವತ್ತು ಆನು ಇನ್ನೆಂತಾದ್ರೂ ಮಾಡಕಾಗಿತ್ತಾ ತಂಗಿ?”

“ಎಂತದೂ ಆಗ್ತಿರಲಿಲ್ಲ ಅಕ್ಕೋರೇ. ನೀವು ಬಿಟ್ಟಿದ್ರೆ ನಾನೂ ಇರ್ತಿರಲಿಲ್ಲ.”

ಅವರು ಗೋಡೆಯತ್ತ ಮುಖ ಮಾಡಿದರು. ಮತ್ತೊಮ್ಮೆ ಹೇಳಿ ನಂಬಿಸೋಣವೆಂದು ಮುಂದಿನ ವಾರ ಹೋದಾಗ ಆ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು.