ಅತ್ತೆಯ ಬ್ಯಾಕಪ್ಪು ನನ್ನ ಫೋನಿಗೆ ಬಂದದ್ದು

ನನ್ನ ಮೊದಲ ಮೊಬೈಲು ಸತ್ತದ್ದು ದೋಸೆ ಹಿಟ್ಟಿನಲ್ಲಿ. ಗ್ರೈಂಡರ್ ನಿಲ್ಲಿಸಿ ಹಿಟ್ಟು ಬಳಿಯುತ್ತಾ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಗೆಳತಿಯ ಜೊತೆ ಮಾತಾಡುತ್ತಿದ್ದೆ. ಅವಳೇನೋ ಹೇಳಿದಳು, ನಗು ಬಂತು, ಹೆಗಲು ಅಲುಗಿತು, ಫೋನು ಸೀದಾ ಪಾತ್ರೆಯೊಳಗೆ ಇಳಿಯಿತು. ಗಾಬರಿಯಲ್ಲಿ ಎತ್ತಿ, ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆದುಬಿಟ್ಟೆ. ಅದರಲ್ಲಿ ಒಂದಿಷ್ಟು ಜೀವ ಉಳಿದಿದ್ದರೆ ಅದೂ ಹಾಗೆ ಹೋಯಿತು.

ಸದ್ದು ಕೇಳಿ ಬಂದ ಅತ್ತೆ ಪಾತ್ರೆಯೊಳಗೆ ಬಗ್ಗಿ ನೋಡಿ, "ಫೋನ್ ಹೋದ್ರೆ ಹೋಯ್ತು ಮಾರಾಯ್ತಿ, ಇಷ್ಟು ಹಿಟ್ಟು ಏನ್ ಮಾಡೋದು?" ಅಂದರು.

ಎರಡು ಸಾವಿರನೇ ಇಸವಿ ದಾಟಿದ ಮೇಲಿನ ಮಾತು. ನಾವಿದ್ದದ್ದು ಮೂಡಿಗೆರೆಯಲ್ಲಿ. ಗಂಡನಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ನಾನು ಗೋಣಿಬೀಡಿನ ಶಾಲೆಯಲ್ಲಿ ಟೀಚರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮೈದುನ ಮಲ್ಲಂದೂರಿನ ಕಡೆ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು, ಶನಿವಾರ ಸಂಜೆ ಬಂದರೆ ಸೋಮವಾರ ಮೊದಲ ಬಸ್ಸಿಗೆ ವಾಪಸ್. ನನಗೂ ಅತ್ತೆಗೂ ಒಂದೇ ಥರದ ಮೊಬೈಲು ತಂದುಕೊಟ್ಟವನು ಅವನೇ. ಪೆಟ್ಟಿಗೆಯ ಜೊತೆ ಬಂದ ಸಿಡಿಯನ್ನು ಮನೆಯ ಕಂಪ್ಯೂಟರಿಗೆ ಹಾಕಿ, ಮಳೆಗಾಲ ಶುರುವಾಗುವ ಮೊದಲು ಒಂದು ಭಾನುವಾರ ಎರಡೂ ಫೋನುಗಳನ್ನು ಕೇಬಲ್ಲಿಗೆ ಸಿಕ್ಕಿಸಿ ಕೂತಿದ್ದ.

"ಇದು ಬ್ಯಾಕಪ್ ಅತ್ತಿಗೆ. ನಂಬರು, ಮೆಸೇಜು, ಫೋಟೋ, ಅಲಾರಂ, ಹಾಕ್ಕೊಂಡಿರೋ ಗೇಮು ಎಲ್ಲಾ ಕಂಪ್ಯೂಟರಲ್ಲಿ ಇನ್ನೊಂದು ಪ್ರತಿ ಇರುತ್ತೆ. ಫೋನ್ ಹಾಳಾದ್ರೂ ಚಿಂತೆ ಇಲ್ಲ."

"ಹೆಪ್ಪಿಗೆ ಅಂತ ಒಂದು ಚಮಚ ಮೊಸರು ಎತ್ತಿಡ್ತೀವಲ್ಲ, ಹಾಗೆ" ಅಂದರು ಅತ್ತೆ. ಮೈದುನ ಹೂಂ ಅಂದ. ನಾನು ಆ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. ಹಿಟ್ಟಿನ ಪ್ರಸಂಗ ಆದ ಮೇಲೆ ಮಾತ್ರ ಅವನು ದೇವರಂತೆ ಕಂಡ.

ಬೇರೆ ಕಂಪನಿಯ ಫೋನು ತಗೊಂಡರೆ ಬ್ಯಾಕಪ್ ಕೂರುವುದಿಲ್ಲ ಅಂತ ಅವನು ಹೇಳಿದ್ದರಿಂದ ಅದೇ ಮಾಡೆಲ್ಲನ್ನು ಹುಡುಕಿ ತಂದೆವು. ಭಾನುವಾರ ರಾತ್ರಿ ಊಟದ ಹೊತ್ತಿಗೆ ಕೇಬಲ್ ಸಿಕ್ಕಿಸಿದ. ಕಂಪ್ಯೂಟರಿನ ಮೇಲೆ ಹಸಿರು ಪಟ್ಟಿಯೊಂದು ನಿಧಾನಕ್ಕೆ ತುಂಬಿತು. "ಆಯ್ತು ಅತ್ತಿಗೆ, ಎಲ್ಲಾ ಬಂದಿದೆ" ಅಂದ. ಬೆಳಗ್ಗೆ ನಾನೇಳುವ ಮೊದಲೇ ಬಸ್ಸು ಹತ್ತಿ ಹೋಗಿದ್ದ.

ಹೊಸ ಫೋನಿನಿಂದ ಮೊದಲು ನನ್ನ ತಮ್ಮನಿಗೆ ಮಾಡೋಣ ಅನ್ನಿಸಿತು. ಹಾಸನದಲ್ಲಿ ಓದುತ್ತಿದ್ದವನು ವಾರಗಟ್ಟಲೆ ಮಾತಾಡಿರಲಿಲ್ಲ. 'ತಮ್ಮ' ಅನ್ನುವ ಹೆಸರು ಕಂಡಿತು, ಒತ್ತಿದೆ. ಆ ಕಡೆಯಿಂದ ಹಲೋ ಅನ್ನುವುದಕ್ಕೂ ಬಿಡದೆ, "ಲೋ, ಬದುಕಿದೀಯೇನೋ ಕತ್ತೆ? ಒಂದು ಫೋನ್ ಮಾಡಕ್ಕೆ ಏನು ದಾಡಿ ನಿಂಗೆ?" ಅಂತ ಶುರು ಮಾಡಿದೆ.

ಆ ಕಡೆಯಿಂದ ಗಂಭೀರವಾದ ದನಿಯೊಂದು, "ಬದುಕಿದೀನಿ ತಾಯಿ. ತಾವ್ಯಾರು ಮಾತಾಡೋದು?" ಅಂತು.

ಕಳಸದ ಸೋದರಮಾವ! ಅತ್ತೆಯ ತಮ್ಮ. ಅರವತ್ತು ದಾಟಿದವರು, ತೋಟದವರು, ಅವರು ಬಂದರೆ ನನ್ನ ಗಂಡನೂ ಕುರ್ಚಿ ಬಿಟ್ಟು ಏಳುತ್ತಿದ್ದರು. ಏನೋ ತೊದಲಿ, ಕ್ಷಮಿಸಿ ಅಂದು, ಫೋನ್ ಇಟ್ಟು ಅಡುಗೆಮನೆಗೆ ಓಡಿದೆ. ವಿಷಯ ಕೇಳಿ ಅತ್ತೆ ಸೌಟು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ನಕ್ಕರು. "ಅವನನ್ನ ಕತ್ತೆ ಅಂತ ಕರೆಯೋರು ನನ್ನ ಬಿಟ್ರೆ ಯಾರೂ ಇರ್ಲಿಲ್ಲ. ಈಗ ನೀನೂ ಆದೆ."

ನೋಡಿದರೆ ಮೈದುನ ಅವಸರದಲ್ಲಿ ಅತ್ತೆಯ ಬ್ಯಾಕಪ್ಪನ್ನು ನನ್ನ ಫೋನಿಗೆ ಹಾಕಿದ್ದ. ಹಾಲಿನವರು, ಗ್ಯಾಸಿನವರು, ಬ್ಲೌಸ್ ಹೊಲಿಯುವವಳು, ಎಲ್ಲಾ ಅತ್ತೆಯ ನಂಬರುಗಳೇ. ಅತ್ತೆಯ ಪಂಚಾಂಗ, ಅತ್ತೆ ತೆಗೆದ ಡೇರೆ ಹೂವಿನ ಫೋಟೋಗಳು, ಇಟ್ಟಿಗೆ ಒಡೆಯುವ ಆಟ. ಅವರಿಗೆ ಬೇಕಾದದ್ದು ಒಂದೇ ಉತ್ತರ: "ನನ್ನ ಸ್ಕೋರೂ ಬಂದಿದೆಯಾ?" ಬಂದಿತ್ತು. ನಾನು ಕನಸಿನಲ್ಲೂ ಮುಟ್ಟದಂಥ ಸ್ಕೋರು. ಸರಿಮಾಡಲು ಮೈದುನ ಮುಂದಿನ ಶನಿವಾರ ಬರಬೇಕಿತ್ತು. "ಅಲ್ಲೀ ತನಕ ಇರ್ಲಿ ಬಿಡು, ನಾನೇನು ಗುಟ್ಟು ಇಟ್ಟಿದೀನಾ?" ಅಂದರು.

ಆ ಗುಟ್ಟು ಅವತ್ತು ಮಧ್ಯಾಹ್ನವೇ ನನ್ನ ಕ್ಲಾಸಿನಲ್ಲಿ ಕೂಗಿತು. ಊಟದ ನಂತರದ ಮೊದಲ ಪಿರಿಯಡ್ಡು. ಮಕ್ಕಳಿಗೆ ನದಿಗಳ ಪಾಠ ಮಾಡುತ್ತಿದ್ದೆ. ತುಂಗಭದ್ರೆಗೆ ಬರುವಷ್ಟರಲ್ಲಿ ಬ್ಯಾಗಿನೊಳಗಿಂದ ಹುಂಜ ಕೂಗಿತು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ ಹುಂಜದ ಹಾಗೇ ತಿರುಗಿ ಕೂಗಿದರು. ಕಕ್ಕಾಬಿಕ್ಕಿಯಾಗಿ ಫೋನು ತೆಗೆದು ನೋಡಿದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಬಿಪಿ ಮಾತ್ರೆ' ಅಂತ ಇತ್ತು.

ಮಂಗಳವಾರವೂ ಅದೇ ಹೊತ್ತಿಗೆ ಕೂಗಿತು. ದಿನಾ ಬರುವ ಹಾಗೆ ಇಟ್ಟ ಜ್ಞಾಪನೆ ಅದು. ನಮ್ಮ ಮನೆಯಲ್ಲಿ ಯಾರಿಗೂ ಬಿಪಿ ಇದೆಯೆಂದು ನಾನು ಕೇಳಿರಲಿಲ್ಲ.

ಆ ಸಂಜೆ ಅತ್ತೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದರು. ಹತ್ತಿರ ಹೋಗಿ, "ಅತ್ತೆ, ನಿಮ್ಮ ಹುಂಜ ನನ್ನ ಕ್ಲಾಸಲ್ಲಿ ಕೂಗ್ತಾ ಇದೆ" ಅಂದೆ.

ಅವರ ಕೈ ಹಾಗೇ ನಿಂತಿತು. "ಅದೂ ಬಂತಾ ಹಾಳಾದ್ದು!"

"ಯಾವಾಗಿಂದ ಅತ್ತೆ?"

"ಹೋದ ದೀಪಾವಳಿ ಆದ ಮೇಲೆ. ಬ್ಲೌಸ್ ಕೊಡಕ್ಕೆ ಅಂತ ಹೋದೋಳು ಹಾಗೇ ಡಾಕ್ಟ್ರ ಹತ್ರ ತೋರಿಸ್ಕೊಂಡು ಬಂದೆ." ಒಂದು ಸೀರೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ನಮ್ಮತ್ತೆಗೂ ಇತ್ತು ಕಣೇ. ಗೊತ್ತಾಗಿದ್ದೇ ತಡ, ಒಲೆ ಹತ್ರ ಬರ್ಬೇಡಿ, ಮೆಟ್ಟಿಲು ಹತ್ಬೇಡಿ, ಇದು ತಿನ್ಬೇಡಿ ಅಂತ ಎಲ್ಲಾರೂ ಸೇರಿ ಕೂರಿಸಿಬಿಟ್ರು. ಹಾಗೆ ಹೇಳಿದೋರಲ್ಲಿ ನಾನೂ ಒಬ್ಳು. ಪಾಪ, ಜಗಲೀಲಿ ಕೂತು ಬಸ್ಸು ಎಣಿಸ್ತಿದ್ರು. ನನಗೆ ಹಾಗೆ ಕೂರಕ್ಕೆ ಆಗಲ್ಲ."

ನನಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಯಾರಿಗೂ ಹೇಳುವುದಿಲ್ಲ, ಆದರೆ ಮಾತ್ರೆ ತಪ್ಪಿಸಬಾರದು, ಸಾರಿಗೆ ಉಪ್ಪು ನಾನೇ ಹಾಕುವುದು ಅಂದೆ. ಸ್ವಲ್ಪ ಚೌಕಾಸಿ ಮಾಡಿ ಒಪ್ಪಿದರು. ಶನಿವಾರ ಮೈದುನ ಬಂದು, ತಲೆ ಕೆರೆದುಕೊಂಡು, ನನ್ನ ಬ್ಯಾಕಪ್ಪನ್ನು ನನ್ನ ಫೋನಿಗೆ ಹಾಕಿಕೊಟ್ಟ. ನನ್ನ ನಂಬರುಗಳು, ನನ್ನ ಮೆಸೇಜುಗಳು ಒಂದೂ ಬಿಡದೆ ವಾಪಸ್ ಬಂದವು, ಅತ್ತೆಯವು ಹೋದವು. ಆದರೆ ಆ ಒಂದು ಜ್ಞಾಪನೆಯನ್ನು ನಾನೇ ಕೂತು ಮತ್ತೆ ಬರೆದುಕೊಂಡೆ, ಹುಂಜದ ಬದಲು ಬರೀ ನಡುಕ ಇಟ್ಟೆ. ಬ್ಯಾಗು ನಡುಗಿದರೆ ಅತ್ತೆಗೊಂದು ಮಿಸ್ಡ್ ಕಾಲ್ ಕೊಡುತ್ತಿದ್ದೆ. ಮಾತ್ರೆ ನುಂಗಿ ಅವರೂ ಒಂದು ಕೊಡುತ್ತಿದ್ದರು. ಇಬ್ಬರಿಗೂ ಒಂದು ಪೈಸೆ ಖರ್ಚಿಲ್ಲ.

ಹೀಗೆ ಎರಡು ವಾರ ನಡೆದಿರಬೇಕು. ಒಂದು ರಾತ್ರಿ ಊಟಕ್ಕೆ ಕೂತ ನನ್ನ ಗಂಡ ಸಾರು ಕಲಸಿ, ಮುಖ ಸಿಂಡರಿಸಿ, "ಇತ್ತೀಚೆಗೆ ಇವಳ ಕೈಗೆ ಏನಾಗಿದೆ? ಒಂದು ದಿನಾನೂ ಉಪ್ಪು ಸರಿ ಇಲ್ಲ. ಅಡುಗೆ ಮೇಲೆ ಗಮನವೇ ಇಲ್ಲ" ಅಂತ ರೇಗಿದರು.

ಅತ್ತೆ ಬಡಿಸುವುದನ್ನು ನಿಲ್ಲಿಸಿದರು. "ಅವಳನ್ನ ಯಾಕೋ ಬೈತೀಯ? ನಂಗೆ ಬಿಪಿ ಇದೆ. ಅದಕ್ಕೆ ಉಪ್ಪು ಕಮ್ಮಿ. ಆಯ್ತಾ?"

ಗಂಡ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ಅತ್ತೆ ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದು ಮಗನ ತಟ್ಟೆಯ ಪಕ್ಕ ಟಪ್ಪಂತ ಇಟ್ಟರು.

"ಬೇಕಾದೋರು ಹಾಕ್ಕೊಳ್ಳಿ. ಆದ್ರೆ ನನ್ನನ್ನ ಜಗಲೀಲಿ ಕೂರಿಸಕ್ಕೆ ಬಂದ್ರೆ ನೋಡು."

ಯಾರೂ ಕೂರಿಸಲಿಲ್ಲ. ಮಾರನೆಯ ದಿನ ಬೆಳಗ್ಗೆ ದೋಸೆ ಹುಯ್ದದ್ದೂ ಅವರೇ.